ಬಸ್ಸು ರೈಲುಗಳನ್ನು ನಂಬಿ ಬೆಟ್ಟವನ್ನು ಏರುವ ಬಗೆ

ಪಟ್ಟಣವಾಸಿಗಳಲ್ಲಿ ಬೆಟ್ಟವನ್ನು ಏರಬೇಕೆಂಬ ಆಸೆ ಈಚಿನ ವರ್ಷಗಳಲ್ಲಿ ಬಹಳವಾಗಿ ಹೆಚ್ಚಿದೆ. ವಾರವೆಲ್ಲ ಕೋಣೆಯೊಳಗೆ ಕುಳಿತು ದುಡಿಯುವವರಿಗೆ ಎರಡು ದಿನದ ಮಟ್ಟಿಗಾದರೂ ಕಾಡಿನ ಗಾಳಿ ಬೇಕೆನಿಸುವುದು ಸಹಜವೇ ಸರಿ. ಆದರೆ ಈ ಆಸೆಯ ಬೆನ್ನಿಗೇ ಒಂದು ತಪ್ಪು ಕಲ್ಪನೆಯೂ ಬೆಳೆದುಬಂದಿದೆ. ಸ್ವಂತ ಮೋಟಾರು ಉಳ್ಳವರಿಗೆ, ಇಲ್ಲವೆ ಬಾಡಿಗೆಯ ಗಾಡಿಯನ್ನು ಗೊತ್ತುಮಾಡಬಲ್ಲವರಿಗೆ ಮಾತ್ರ ಬೆಟ್ಟಗಳು ಎಟುಕುತ್ತವೆ, ಉಳಿದವರು ದೂರದಿಂದಲೇ ನೋಡಿ ಸಂತೋಷಪಡಬೇಕು ಎಂಬುದೇ ಆ ಕಲ್ಪನೆ. ಇದು ನಿಜವಲ್ಲವೆಂಬುದನ್ನು ಒಂದು ಬೆಟ್ಟದ ಉದಾಹರಣೆಯಿಂದ ತೋರಿಸಬೇಕೆಂಬುದು ನಮ್ಮ ಉದ್ದೇಶ. ನಾವು ಆರಿಸಿಕೊಂಡಿರುವ ಬೆಟ್ಟ ಕುಮಾರಪರ್ವತ. ಪುಷ್ಪಗಿರಿ ಎಂಬುದು ಅದರ ಇನ್ನೊಂದು ಹೆಸರು.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಸಾರ್ವಜನಿಕ ವಾಹನವನ್ನು ನಂಬಿ ಹೊರಡುವವನು ಗಡಿಯಾರಕ್ಕೆ ಅಧೀನನು. ಬಸ್ಸು ಅವನಿಗಾಗಿ ಕಾಯುವುದಿಲ್ಲ. ರೈಲು ಅವನ ಆಯಾಸವನ್ನು ವಿಚಾರಿಸುವುದಿಲ್ಲ. ಈ ಅಧೀನತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೊರಟವರು ಸಂಜೆಗತ್ತಲೆಯಲ್ಲಿ ಕಾಡಿನೊಳಗೆ ಓಡುತ್ತ ಇಳಿಯಬೇಕಾಗುತ್ತದೆ. ಕಾಲು ಉಳುಕುವುದು, ದಾರಿ ತಪ್ಪುವುದು ಬಹುಮಟ್ಟಿಗೆ ಆ ಹೊತ್ತಿನಲ್ಲಿಯೇ. ಆದರೆ ಲೆಕ್ಕವನ್ನು ಮೊದಲೇ ಹಾಕಿಕೊಂಡವನಿಗೆ ಇದೇ ಅಧೀನತೆ ಒಂದು ಶಿಸ್ತಾಗಿ ಪರಿಣಮಿಸುತ್ತದೆ. ಅಷ್ಟೇ ಅಲ್ಲದೆ, ಮೋಟಾರಿನ ಯಜಮಾನನಿಗಿಲ್ಲದ ಒಂದು ಸ್ವಾತಂತ್ರ್ಯವೂ ಅವನಿಗೆ ದೊರೆಯುತ್ತದೆ. ಆ ಸ್ವಾತಂತ್ರ್ಯ ಯಾವುದೆಂಬುದನ್ನು ಮುಂದೆ ಹೇಳುತ್ತೇವೆ.

ಕುಮಾರಪರ್ವತವು ಪಶ್ಚಿಮಘಟ್ಟಗಳಲ್ಲಿ, ದಕ್ಷಿಣ ಕನ್ನಡ ಮತ್ತು ಕೊಡಗು ಜಿಲ್ಲೆಗಳು ಕೂಡುವ ಎಡೆಯಲ್ಲಿ ನಿಂತಿದೆ. ಸಮುದ್ರಮಟ್ಟದಿಂದ ಅದರ ಎತ್ತರ ೧,೭೧೨ ಮೀಟರು. ಕೊಡಗಿನಲ್ಲಿ ತಡಿಯಂಡಮೋಳನ್ನು ಬಿಟ್ಟರೆ ಇದೇ ಎತ್ತರವಾದ ಶಿಖರ. ಇದರ ಒಂದು ಪಕ್ಕದ ನೀರು ಕುಮಾರಧಾರೆಯಾಗಿ ಪಶ್ಚಿಮಕ್ಕೆ ಹರಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಇದೇ ಗಿರಿಶ್ರೇಣಿಯಲ್ಲಿ ಹುಟ್ಟುವ ಹಾರಂಗಿಯಾದರೋ ಪೂರ್ವಕ್ಕೆ ತಿರುಗಿ, ಕಾವೇರಿಯನ್ನು ಸೇರಿ ಬಂಗಾಳದ ಸಮುದ್ರಕ್ಕೆ ಹೋಗುತ್ತದೆ. ಅಕ್ಕಪಕ್ಕದಲ್ಲಿ ಬಿದ್ದ ಮಳೆಹನಿಗಳು ಎರಡು ಸಮುದ್ರಗಳ ಪಾಲಾಗುವ ಸ್ಥಳವಿದು. ಸುತ್ತಣ ಕಾಡು ೧೯೮೭ರಿಂದ ಪುಷ್ಪಗಿರಿ ವನ್ಯಜೀವಿಧಾಮವೆಂದು ರಕ್ಷಿತವಾಗಿದೆ. ೨೦೧೨ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮಘಟ್ಟಗಳ ಮೂವತ್ತೊಂಬತ್ತು ಸ್ಥಳಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ, ಪುಷ್ಪಗಿರಿಯೂ ಆ ಪಟ್ಟಿಯಲ್ಲಿ ಒಂದಾಯಿತು.

ಬೆಟ್ಟದ ಪಶ್ಚಿಮ ಪಾದದಲ್ಲಿರುವುದು ಕುಕ್ಕೆ ಸುಬ್ರಹ್ಮಣ್ಯ ಕ್ಷೇತ್ರ. ತಾರಕಾಸುರನನ್ನು ಸಂಹರಿಸಿದ ಕುಮಾರಸ್ವಾಮಿಯು ತನ್ನ ಆಯುಧವನ್ನು ತೊಳೆದ ಹೊಳೆಯೇ ಕುಮಾರಧಾರೆಯೆಂದೂ, ದೇವಸೇನೆಯನ್ನು ವರಿಸಿದುದು ಮಾರ್ಗಶಿರ ಶುದ್ಧ ಷಷ್ಠಿಯಂದು ಎಂದೂ ಸ್ಥಳಪುರಾಣ ಹೇಳುತ್ತದೆ. ಈ ಪುರಾಣಕ್ಕೂ ನಮ್ಮ ಪ್ರಯಾಣದ ಲೆಕ್ಕಕ್ಕೂ ಸಂಬಂಧವಿದೆ. ಆ ಷಷ್ಠಿಯಂದು ನಡೆಯುವ ರಥೋತ್ಸವದ ದಿನಗಳಲ್ಲಿ ಕುಕ್ಕೆಯ ಬಸ್ಸುಗಳಲ್ಲಿ ನಿಲ್ಲುವುದಕ್ಕೂ ಎಡೆಯಿರುವುದಿಲ್ಲ. ಛತ್ರಗಳಲ್ಲಿ ಕೋಣೆ ದೊರೆಯುವುದಿಲ್ಲ. ದೇವರ ದರ್ಶನಕ್ಕೆ ಹೋಗುವವರ ಮಾತು ಬೇರೆ. ಬೆಟ್ಟವನ್ನೇ ಉದ್ದೇಶಿಸಿ ಹೋಗುವವರು ಆ ವಾರವನ್ನು ಬಿಟ್ಟು ದಿನವನ್ನು ಗೊತ್ತುಮಾಡತಕ್ಕದ್ದು. ಮಂಗಳವಾರ, ಷಷ್ಠಿ, ಆಶ್ಲೇಷಾ ನಕ್ಷತ್ರದ ದಿನ ಇವುಗಳನ್ನೂ ಪಂಚಾಂಗದಲ್ಲಿ ನೋಡಿಕೊಳ್ಳುವುದು ಮೇಲು. ಬೆಟ್ಟಕ್ಕೆ ಹೋಗುವವನಿಗೆ ರೈಲ್ವೆಯ ವೇಳಾಪಟ್ಟಿಯ ಜೊತೆಗೆ ಪಂಚಾಂಗವೂ ಬೇಕಾಗುವುದು ಇಂಥ ಕ್ಷೇತ್ರಗಳಲ್ಲಿಯೇ.

ಈ ಶಿಖರಕ್ಕೆ ಎರಡು ದಾರಿಗಳುಂಟು. ಒಂದು ಕುಕ್ಕೆಯಿಂದ, ಇನ್ನೊಂದು ಕೊಡಗಿನ ಸೋಮವಾರಪೇಟೆಯ ಕಡೆಯ ಬೀದಳ್ಳಿಯಿಂದ.

ಕುಕ್ಕೆಯ ದಾರಿ ದೀರ್ಘವಾದುದು. ಶಿಖರದವರೆಗೆ ಸುಮಾರು ೧೩ ಕಿಲೋಮೀಟರು. ದೇವಾಲಯದಿಂದ ಸ್ವಲ್ಪ ದೂರ ಊರದಾರಿಯಲ್ಲಿ ನಡೆದು ಕಾಡನ್ನು ಹೊಕ್ಕಮೇಲೆ ಐದಾರು ಕಿಲೋಮೀಟರು ದಟ್ಟವಾದ ಮರಗಳ ನೆರಳು. ಬೇರುಗಳೇ ಮೆಟ್ಟಿಲುಗಳಾಗಿ ದಾರಿ ಏರುತ್ತದೆ. ನಡುವೆ ಭೀಮನ ಬಂಡೆ ಎಂಬ ಹೆಬ್ಬಂಡೆಯೊಂದು ವಿಶ್ರಾಂತಿಯ ಸ್ಥಳ. ಕಾಡು ಮುಗಿಯುವಲ್ಲಿ ಗಿರಿಗದ್ದೆ. ಅದರ ಮೇಲೆ ಅರಣ್ಯ ಇಲಾಖೆಯ ತನಿಖಾಠಾಣೆ. ಅಲ್ಲಿಂದ ಮುಂದೆ ಮರಗಳಿಲ್ಲ; ಹುಲ್ಲುಗಾವಲಿನ ಏಣಿನ ಮೇಲೆ ಬಿಸಿಲಿನಲ್ಲಿಯೇ ಏರಬೇಕು. ದಾರಿಯಲ್ಲಿ ಕಲ್ಲುಮಂಟಪವೊಂದಿದೆ, ಅದರ ಸಮೀಪದಲ್ಲಿ ನೀರಿನ ಸೆಲೆಯಿದ್ದರೂ ಬೇಸಗೆ ಸಮೀಪಿಸಿದಂತೆ ಅದು ಬಡವಾಗುತ್ತದೆ. ಮುಂದೆ ಶೇಷಪರ್ವತ. ಇದೇ ಶಿಖರವೆಂದು ಭಾವಿಸಿ ಉಸ್ಸೆಂದು ಕುಳಿತವರಿಗೆ ಎದುರಿಗೆ ಇನ್ನೊಂದು ಬೆಟ್ಟ ಕಾಣಿಸುತ್ತದೆ. ಅದೇ ಕುಮಾರಪರ್ವತ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಹತ್ತಿರದ ಬೆಟ್ಟಕ್ಕೂ ಸಲ್ಲುವುದು ಇಲ್ಲಿಯೇ. ಶೇಷಪರ್ವತದಿಂದ ಸ್ವಲ್ಪ ಇಳಿದು, ಶೋಲಾ ಕಾಡನ್ನು ಹಾದು, ಕಡಿದಾದ ಬಂಡೆಯನ್ನು ಹತ್ತಿದ ಮೇಲೆಯೇ ತುದಿ.

ಬೀದಳ್ಳಿಯ ದಾರಿ ಇದರ ಅರ್ಧದಷ್ಟು, ಆರೇಳು ಕಿಲೋಮೀಟರು. ಕೊಡಗಿನ ಕಡೆಯ ನೆಲವೇ ಎತ್ತರವಾಗಿರುವುದರಿಂದ ಏರಬೇಕಾದ ಎತ್ತರವೂ ಕುಕ್ಕೆಯ ದಾರಿಯ ಅರ್ಧದಷ್ಟೇ. ಹೆಚ್ಚಿನ ಭಾಗ ಕಾಡಿನ ನೆರಳು, ಕೊನೆಗೆ ಬಂಡೆಗಳು. ಮಲ್ಲಳ್ಳಿ ಜಲಪಾತವೂ ಈ ಕಡೆಯೇ ಇದೆ.

ಈಗ ಲೆಕ್ಕಕ್ಕೆ ಬರೋಣ. ಕುಕ್ಕೆಯ ಊರು ಸಮುದ್ರಮಟ್ಟದಿಂದ ಸುಮಾರು ೧೨೦ ಮೀಟರು ಮಾತ್ರ ಮೇಲಿದೆ. ಅಲ್ಲಿಂದ ಶಿಖರಕ್ಕೆ ಸುಮಾರು ೧,೬೦೦ ಮೀಟರಿನ ಏರು. ಬೆಟ್ಟದ ನಡಿಗೆಗೆ ಎಷ್ಟು ಕಾಲ ಬೇಕೆಂಬುದನ್ನು ಅಳೆಯುವುದಕ್ಕೆ ೧೮೯೨ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ ಎಂಬ ಪರ್ವತಾರೋಹಿಯು ಒಂದು ಸೂತ್ರವನ್ನು ಹೇಳಿದನು. ಮೂರು ಮೈಲಿ ನಡಿಗೆಗೆ ಒಂದು ಗಂಟೆ. ಅದರ ಮೇಲೆ, ಏರಿದ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ. ಈಗಿನ ಅಳತೆಯಲ್ಲಿ ಹೇಳುವುದಾದರೆ, ಐದು ಕಿಲೋಮೀಟರಿಗೆ ಒಂದು ಗಂಟೆ ಮತ್ತು ಆರುನೂರು ಮೀಟರಿನ ಏರಿಗೆ ಒಂದು ಗಂಟೆ. ಈ ಪ್ರಕಾರ ಕುಕ್ಕೆಯಿಂದ ಶಿಖರಕ್ಕೆ ಐದೂಕಾಲು ಗಂಟೆ ಹಿಡಿಯಬೇಕು. ಆದರೆ ಇದು ತಂಪು ನಾಡಿನಲ್ಲಿ, ಗಟ್ಟಿಮುಟ್ಟಾದವನು ನಿಲ್ಲದೆ ನಡೆಯುವ ಲೆಕ್ಕ. ನಮ್ಮ ಕರಾವಳಿಯ ಸೆಖೆಯಲ್ಲಿ, ಬೆನ್ನ ಮೇಲೆ ಚೀಲವನ್ನು ಹೊತ್ತು, ವಾರವೆಲ್ಲ ಕುರ್ಚಿಯಲ್ಲಿ ಕುಳಿತಿದ್ದ ದೇಹವನ್ನು ಏರಿಸಬೇಕಾದಾಗ ಅರ್ಧಪಾಲನ್ನಾದರೂ ಕೂಡಿಸಬೇಕು. ಆಗ ಏರುವುದಕ್ಕೆ ಎಂಟು ಗಂಟೆ, ಇಳಿಯುವುದಕ್ಕೆ ಐದು, ಊಟಕ್ಕೂ ವಿಶ್ರಾಂತಿಗೂ ಒಂದು. ಒಟ್ಟು ಹದಿನಾಲ್ಕು ಗಂಟೆ.

ಹಗಲಾದರೋ ಎಷ್ಟು? ಬೆಟ್ಟಕ್ಕೆ ಯೋಗ್ಯವಾದ ಡಿಸೆಂಬರ್ ತಿಂಗಳ ಕೊನೆಯಲ್ಲಿ ಈ ಪ್ರಾಂತ್ಯದ ಹಗಲು ಹನ್ನೊಂದೂವರೆ ಗಂಟೆಗೂ ತುಸು ಕಡಿಮೆ. ದಟ್ಟವಾದ ಕಾಡಿನೊಳಗೆ ಕತ್ತಲೆಯು ಸೂರ್ಯಾಸ್ತವನ್ನು ಕಾಯುವುದಿಲ್ಲ. ಅರ್ಧ ಗಂಟೆ ಮುಂಚೆಯೇ ಬಂದುಬಿಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಇಲ್ಲಿ ಹಗಲೇ ಹಾಸಿಗೆ. ಹದಿನಾಲ್ಕು ಗಂಟೆಯ ಕಾಲನ್ನು ಹನ್ನೊಂದು ಗಂಟೆಯ ಹಾಸಿಗೆಯಲ್ಲಿ ಚಾಚಲಾಗದು. ಅಭ್ಯಾಸವುಳ್ಳ ತರುಣರು ಹತ್ತು ಹನ್ನೊಂದು ಗಂಟೆಗಳಲ್ಲಿಯೇ ಕುಕ್ಕೆಯಿಂದ ಹೋಗಿ ಮರಳುವುದುಂಟು. ಅವರ ಕೆಚ್ಚು ಮೆಚ್ಚತಕ್ಕದ್ದೇ. ಆದರೆ ಮನೆಮಂದಿಯ ಗುಂಪು ಅವರ ವೇಗವನ್ನು ತನ್ನ ವೇಳಾಪಟ್ಟಿಗೆ ಆಧಾರವಾಗಿ ಇಟ್ಟುಕೊಳ್ಳಬಾರದು. ಗುಂಪಿನ ವೇಗವೆಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನ ವೇಗ.

ಹಿಂದೆ ಗಿರಿಗದ್ದೆಯ ಬಳಿ ಡೇರೆ ಹಾಕಿ ರಾತ್ರಿ ಕಳೆದು, ಎರಡು ದಿನಗಳಲ್ಲಿ ಏರುವ ಪದ್ಧತಿಯಿತ್ತು. ಈಗ ವನ್ಯಜೀವಿಧಾಮದೊಳಗೆ ಡೇರೆ ಹಾಕಿ ಮಲಗುವುದಕ್ಕೆ ಅನುಮತಿಯಿಲ್ಲ. ಆದುದರಿಂದ ಹಳೆಯ ಪ್ರವಾಸಕಥನಗಳನ್ನು ಓದಿ ಹೊರಟವರು ಮೋಸಹೋಗುವ ಸಂಭವವಿದೆ. ಒಂದೇ ಹಗಲಿನಲ್ಲಿ ಏರಿ ಇಳಿಯಬೇಕು ಎಂಬುದೇ ಇಂದಿನ ಯೋಜನೆಗೆ ಮೂಲಸೂತ್ರ.

ಈ ಸೂತ್ರವನ್ನು ಒಪ್ಪಿಕೊಂಡರೆ, ಬಸ್ಸಿನ ಪ್ರಯಾಣಿಕನು ತನ್ನ ಲೆಕ್ಕವನ್ನು ಯಾವ ತುದಿಯಿಂದ ಆರಂಭಿಸಬೇಕೆಂಬುದೂ ತಾನಾಗಿ ಗೊತ್ತಾಗುತ್ತದೆ. ಸಾಮಾನ್ಯವಾಗಿ ಜನರು ಹೊರಡುವ ಗಂಟೆಯನ್ನು ಮೊದಲು ನಿಶ್ಚಯಿಸಿ, ಮರಳುವುದನ್ನು ದೈವಕ್ಕೆ ಬಿಡುವರು. ಇದು ತಲೆಕೆಳಗಾದ ಕ್ರಮ. ಮರಳಿ ಬರುವ ಬಸ್ಸು ಎಷ್ಟು ಗಂಟೆಗೆ ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ಅದರಿಂದ ಹಿಂದಕ್ಕೆ ಎಣಿಸುತ್ತ, ಬೆಟ್ಟದ ಬುಡವನ್ನು ಎಷ್ಟು ಹೊತ್ತಿಗೆ ಮುಟ್ಟಬೇಕು, ಅದಕ್ಕಾಗಿ ಶಿಖರವನ್ನು ಎಷ್ಟು ಹೊತ್ತಿಗೆ ಬಿಡಬೇಕು, ಬೆಳಿಗ್ಗೆ ಎಷ್ಟು ಹೊತ್ತಿಗೆ ಹೆಜ್ಜೆ ಇಡಬೇಕು ಎಂದು ನಿರ್ಣಯಿಸಬೇಕು. ಹೀಗೆ ಎಣಿಸುವಾಗ ದಿನದ ಕೊನೆಯ ಬಸ್ಸನ್ನು ಇಲ್ಲವೆಂದೇ ಭಾವಿಸತಕ್ಕದ್ದು. ಅದಕ್ಕೆ ಹಿಂದಿನದನ್ನೇ ಕೊನೆಯದೆಂದು ಲೆಕ್ಕಕ್ಕೆ ಹಿಡಿಯತಕ್ಕದ್ದು. ಕೊನೆಯ ಬಸ್ಸು ಕೆಟ್ಟು ನಿಂತರೆ ಮುಂದೆ ಉಪಾಯವಿಲ್ಲ. ಅದಕ್ಕೆ ಮುಂಚಿನದು ತಪ್ಪಿದರೆ ಕೊನೆಯದು ಇದ್ದೇ ಇದೆ.

ಈಗ, ಮೊದಲಲ್ಲಿ ಸೂಚಿಸಿದ ಸ್ವಾತಂತ್ರ್ಯದ ಮಾತು. ಸ್ವಂತ ಮೋಟಾರಿನಲ್ಲಿ ಹೋದವನು ಅದನ್ನು ಬೆಟ್ಟದ ಬುಡದಲ್ಲಿ ನಿಲ್ಲಿಸಿರುತ್ತಾನೆ. ಎಷ್ಟು ಎತ್ತರಕ್ಕೆ ಏರಿದರೂ ಅವನು ಗೂಟಕ್ಕೆ ಕಟ್ಟಿದ ಕರುವಿನಂತೆ ಮತ್ತೆ ಅಲ್ಲಿಗೇ ಬರಬೇಕು. ಬಸ್ಸಿನಲ್ಲಿ ಬಂದವನಿಗೆ ಹಿಂದೆ ಬಿಟ್ಟು ಬಂದುದು ಏನೂ ಇಲ್ಲ. ಅವನು ಒಂದು ಜಿಲ್ಲೆಯಲ್ಲಿ ಏರಿ ಇನ್ನೊಂದು ಜಿಲ್ಲೆಯಲ್ಲಿ ಇಳಿಯಬಹುದು. ಘಟ್ಟದ ಮೇಲಿನ ಕಾಫಿಯ ನಾಡಿನಲ್ಲಿ ಬೆಳಗಿನ ಉಪಾಹಾರ ಮಾಡಿ, ಘಟ್ಟದ ಕೆಳಗಿನ ಅಡಕೆಯ ನಾಡಿನಲ್ಲಿ ರಾತ್ರಿಯ ಊಟ ಮಾಡಬಹುದು. ಬೆಟ್ಟವನ್ನು ಏರಿ ಬರುವುದು ಒಂದು ಸುಖ. ಬೆಟ್ಟವನ್ನು ದಾಟುವುದು ಬೇರೊಂದು ಸುಖ. ಈ ಎರಡನೆಯದು ಬಸ್ಸಿನ ಪ್ರಯಾಣಿಕನಿಗೆ ಸುಲಭವಾಗಿ ಒದಗುತ್ತದೆ.

ದಾಟುವುದಾದರೆ ಯಾವ ಕಡೆಯಿಂದ ಯಾವ ಕಡೆಗೆ? ಇಲ್ಲಿಯೂ ಬಸ್ಸುಗಳೇ ಉತ್ತರವನ್ನು ಹೇಳುತ್ತವೆ. ಬೀದಳ್ಳಿಗೆ ಬಸ್ಸುಗಳು ವಿರಳ; ಸಂಜೆಯ ಹೊತ್ತಿಗೆ ಅಲ್ಲಿ ಇಳಿದವನಿಗೆ ವಾಹನ ದೊರೆಯುವ ಭರವಸೆಯಿಲ್ಲ. ಕುಕ್ಕೆಯಾದರೋ ದೊಡ್ಡ ಯಾತ್ರಾಸ್ಥಳ. ಬಸ್ಸುಗಳು ರಾತ್ರಿಯೂ ಹೊರಡುತ್ತವೆ, ಅನ್ನವೂ ಆಶ್ರಯವೂ ದೊರೆಯುತ್ತವೆ. ಬೆಳಗಿನ ಹೊತ್ತು ಗಡಿಯಾರವನ್ನು ನಾವು ಆಳಬಹುದು. ಸಂಜೆಯ ಹೊತ್ತು ಗಡಿಯಾರ ನಮ್ಮನ್ನು ಆಳುತ್ತದೆ. ಆದುದರಿಂದ ವಾಹನಗಳು ವಿರಳವಾದ ಊರಿನಿಂದ ಬೆಳಿಗ್ಗೆ ಹೊರಡುವುದು, ವಾಹನಗಳು ಹೇರಳವಾದ ಊರಿಗೆ ಸಂಜೆ ಇಳಿಯುವುದು ವಿವೇಕದ ಮಾರ್ಗ. ಹೀಗೆ ಮಾಡಿದರೆ ಏರಿಗೆ ವಿಶ್ರಾಂತಿ ಸೇರಿ ನಾಲ್ಕು ಗಂಟೆ, ಶಿಖರದ ಮೇಲೆ ಒಂದು, ಕುಕ್ಕೆಗೆ ಇಳಿಯುವುದಕ್ಕೆ ಐದು ಐದೂವರೆ. ಒಟ್ಟು ಹತ್ತೂವರೆ ಗಂಟೆಯೊಳಗೆ ಮುಗಿಯುತ್ತದೆ. ಹಗಲಿನ ಹಾಸಿಗೆಯಲ್ಲಿ ಕಾಲು ಹಿಡಿಸಿತು; ಆದರೆ ಆಚೀಚೆ ಹೊರಳುವುದಕ್ಕೆ ಹೆಚ್ಚು ಎಡೆಯಿಲ್ಲ ಎಂಬುದನ್ನು ಮರೆಯಬಾರದು.

ಬೆಟ್ಟಕ್ಕೆ ಹೊಸಬರಾದವರಿಗೆ ನಮ್ಮ ಸಲಹೆ ಬೇರೆ. ಅವರು ಮೊದಲ ಸಲ ಬೀದಳ್ಳಿಯಿಂದ ಏರಿ ಬೀದಳ್ಳಿಗೇ ಇಳಿಯಲಿ. ಏರಿಗೆ ನಾಲ್ಕು, ಶಿಖರದಲ್ಲಿ ಒಂದು, ಇಳಿತಕ್ಕೆ ಮೂರು ಎಂದರೆ ಎಂಟು ಗಂಟೆ. ಮೂರು ಗಂಟೆ ಮಿಗುತ್ತದೆ. ಆದರೆ ಮರಳುವ ವಾಹನವನ್ನು ಹಿಂದಿನ ದಿನವೇ ಸೋಮವಾರಪೇಟೆಯಲ್ಲಿ ಗೊತ್ತುಮಾಡಿರಬೇಕು. ಐದಾರು ಮಂದಿ ಕೂಡಿ ಒಂದು ಜೀಪಿನ ಬಾಡಿಗೆಯನ್ನು ಹಂಚಿಕೊಂಡರೆ ಯಾರಿಗೂ ಭಾರವಾಗದು.

ಅನುಮತಿಯ ವಿಷಯ ಮುಖ್ಯವಾದುದು. ೨೦೨೪ರ ಜನವರಿಯ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗಳು ಒಟ್ಟಿಗೆ ಬಂದಾಗ, ಈ ಬೆಟ್ಟದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದರು. ತನಿಖಾಠಾಣೆಯ ಮುಂದೆ ಸಾಲು ಕರಗದೆ ನಿಂತಿತು. ಅದರ ಚಿತ್ರಗಳು ನಾಡೆಲ್ಲ ಹರಡಿದ ಮೇಲೆ, ಮುಂಗಡ ನೋಂದಣಿಯಿಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಎಂಬ ಅಂತರಜಾಲದ ನೋಂದಣಿ ವ್ಯವಸ್ಥೆ ಬಂದು, ದಿನಕ್ಕೆ ಇಂತಿಷ್ಟೇ ಜನ ಎಂಬ ಕಟ್ಟು ಏರ್ಪಟ್ಟಿತು. ಆದುದರಿಂದ ಮೊದಲು ಅರಣ್ಯದ ಅನುಮತಿಪತ್ರ. ಆಮೇಲೆ ರೈಲು ಬಸ್ಸುಗಳ ಟಿಕೆಟ್ಟು. ಈ ಕ್ರಮವನ್ನು ಹಿಂದುಮುಂದು ಮಾಡಿದವರು ಬೆಟ್ಟದ ಬುಡದವರೆಗೆ ಹೋಗಿ ಬೆಟ್ಟವನ್ನು ಕಂಡು ಮರಳಬೇಕಾಗುತ್ತದೆ. ನೋಂದಣಿ ಮಾಡುವಾಗ ಯಾವ ದ್ವಾರದಿಂದ ಪ್ರವೇಶ, ಯಾವ ದ್ವಾರದಿಂದ ನಿರ್ಗಮನ ಎಂಬುದನ್ನು ಗಮನವಿಟ್ಟು ನೋಡತಕ್ಕದ್ದು. ಬೆಟ್ಟವನ್ನು ದಾಟುವುದಕ್ಕೆ ಆ ದಿನದಲ್ಲಿ ಅವಕಾಶವಿದ್ದರೆ ಮಾತ್ರ ದಾಟುವ ಯೋಜನೆ. ಇಲ್ಲವಾದರೆ ಬೀದಳ್ಳಿಯಿಂದ ಬೀದಳ್ಳಿಗೆ. ಗುರುತಿನ ಚೀಟಿಯನ್ನೂ ಅನುಮತಿಪತ್ರವನ್ನೂ ಕಾಗದದಲ್ಲಿ ಅಚ್ಚುಮಾಡಿಸಿ ಒಯ್ಯುವುದು ಒಳ್ಳೆಯದು. ಕಾಡಿನ ಅಂಚಿನಲ್ಲಿ ಮೊಬೈಲ್ ದೂರವಾಣಿಗೆ ಸಂಪರ್ಕ ಸಿಕ್ಕದಿರುವುದೇ ಹೆಚ್ಚು.

ಕಾಲದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಕಡುಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಇಲಾಖೆಯವರು ಮತ್ತೆ ಮುಚ್ಚುವರು. ಅಕ್ಟೋಬರಿನಿಂದ ಜನವರಿಯವರೆಗಿನ ಕಾಲವೇ ಉತ್ತಮ. ಅಕ್ಟೋಬರಿನಲ್ಲಿ ಹಸುರು ಹೆಚ್ಚು, ಉಂಬಳಗಳ ಕಾಟವೂ ಹೆಚ್ಚು. ಜನವರಿಯಲ್ಲಿ ಉಂಬಳವಿಲ್ಲ, ನೀರೂ ಕಡಿಮೆ. ವಾರದ ನಡುವಿನ ದಿನವನ್ನು ಆರಿಸಿಕೊಳ್ಳಬಲ್ಲವರು ಭಾಗ್ಯವಂತರು.

ಇನ್ನು ಪ್ರಯಾಣ. ಕೊಡಗು ಜಿಲ್ಲೆಯಲ್ಲಿ ರೈಲುಮಾರ್ಗವೇ ಇಲ್ಲ. ಆದುದರಿಂದ ಬೀದಳ್ಳಿಗೆ ಹೋಗುವವರಿಗೆ ಬಸ್ಸೇ ಗತಿ. ಬೆಂಗಳೂರಿನವರೂ ಮೈಸೂರಿನವರೂ ಕುಶಾಲನಗರದ ಮೇಲೆ ಸೋಮವಾರಪೇಟೆಯನ್ನು ಸೇರಬಹುದು. ಹಿಂದಿನ ದಿನ ಮಧ್ಯಾಹ್ನವೇ ಅಲ್ಲಿಗೆ ಮುಟ್ಟುವಂತೆ ಹೊರಡತಕ್ಕದ್ದು. ಬಸ್ಸುನಿಲ್ದಾಣದಲ್ಲಿ ಇಳಿದೊಡನೆ ವಸತಿಯನ್ನು ಹುಡುಕುವುದಕ್ಕೆ ಮುಂಚೆ ಬೀದಳ್ಳಿಯ ಕಡೆಗೆ ನಾಳಿನ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಬೇಕು. ಹಳ್ಳಿಯ ಬಸ್ಸುಗಳ ವಿಷಯದಲ್ಲಿ ಅಂತರಜಾಲದ ಪಟ್ಟಿಗಿಂತ ನಿರ್ವಾಹಕನ ಮಾತು ಪ್ರಮಾಣ. ಆ ಬಸ್ಸು ತಡವಾಗಿ ಮುಟ್ಟುವುದಾದರೆ ಬೆಳಗಿನ ಜೀಪನ್ನು ಅಂದೇ ಸಂಜೆ ಗೊತ್ತುಮಾಡಿಕೊಳ್ಳಬೇಕು. ಇಲ್ಲವೆ ಬೆಟ್ಟದ ಸಮೀಪದ ಹಳ್ಳಿಗಳಲ್ಲಿರುವ ಗೃಹವಸತಿಯೊಂದರಲ್ಲಿ ಮುಂಗಡವಾಗಿ ತಿಳಿಸಿ ತಂಗಬೇಕು. ಇಡೀ ಯೋಜನೆಯಲ್ಲಿ ಬಾಡಿಗೆಯ ವಾಹನ ಅವಶ್ಯವಾಗಬಹುದಾದ ಸ್ಥಳ ಇದೊಂದೇ. ೨೦೨೩ರ ಜೂನ್ ೧೧ರಿಂದ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲದೆ ಪ್ರಯಾಣಮಾಡುವ ಅನುಕೂಲ ಒದಗಿತು. ತಾಯಿಯೂ ಮಗಳೂ ಕೂಡಿ ಬೆಟ್ಟಕ್ಕೆ ಹೊರಡುವುದಕ್ಕೆ ಇದೂ ಒಂದು ಪ್ರೇರಣೆಯಾಗಬಹುದು.

ಮರಳುವ ಪ್ರಯಾಣಕ್ಕೆ ಕುಕ್ಕೆಯಿಂದ ಬಸ್ಸು, ರೈಲು ಎರಡೂ ಉಂಟು. ರೈಲುನಿಲ್ದಾಣದ ಹೆಸರು ಸುಬ್ರಹ್ಮಣ್ಯ ರಸ್ತೆ. ಇದು ನೆಟ್ಟಣದಲ್ಲಿದೆ, ದೇವಾಲಯದಿಂದ ಸುಮಾರು ೧೨ ಕಿಲೋಮೀಟರು ದೂರ. ನಿಲ್ದಾಣದ ಹೆಸರನ್ನು ಕೇಳಿ ಅದು ಊರೊಳಗೇ ಇದೆಯೆಂದು ಭಾವಿಸಿದವರು ಬಂಡಿಯನ್ನು ತಪ್ಪಿಸಿಕೊಳ್ಳುವರು. ಕುಕ್ಕೆಯಿಂದ ನಿಲ್ದಾಣಕ್ಕೆ ಬಸ್ಸು, ಜೀಪುಗಳಿದ್ದರೂ ಅದಕ್ಕೆಂದು ಒಂದು ಗಂಟೆಯನ್ನು ಬೇರೆಯಾಗಿ ತೆಗೆದಿಡಬೇಕು.

ಇಲ್ಲಿಂದ ಸಕಲೇಶಪುರದವರೆಗಿನ ೫೫ ಕಿಲೋಮೀಟರು ನಮ್ಮ ದೇಶದ ಸುಂದರವಾದ ರೈಲುಮಾರ್ಗಗಳಲ್ಲಿ ಒಂದು. ೫೭ ಸುರಂಗಗಳು, ನೂರಕ್ಕೂ ಮೇಲ್ಪಟ್ಟ ಸೇತುವೆಗಳು. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಏರುವಷ್ಟು ಕಡಿದಾದ ಮಾರ್ಗ. ಆದುದರಿಂದ ಬಂಡಿ ಇಲ್ಲಿ ಮೆಲ್ಲಗೆ ತೆವಳುತ್ತದೆ. ೧೯೭೯ರಲ್ಲಿ ಮೀಟರ್‌ಗೇಜ್ ಹಳಿಗಳ ಮೇಲೆ ಈ ಮಾರ್ಗ ತೆರೆಯಿತು. ಹಳಿಗಳನ್ನು ಅಗಲಪಡಿಸುವುದಕ್ಕಾಗಿ ೧೯೯೬ರಲ್ಲಿ ಅದನ್ನು ಮುಚ್ಚಿದರು. ಪ್ರಯಾಣಿಕರ ಬಂಡಿ ಮತ್ತೆ ಓಡಿದುದು ೨೦೦೭ರ ಡಿಸೆಂಬರಿನಲ್ಲಿ. ನಡುವಣ ಆ ವರ್ಷಗಳಲ್ಲಿ ಚಾರಣಪ್ರಿಯರು ಹಳಿಯ ಮೇಲೆ ಸುರಂಗಗಳೊಳಗೆ ನಡೆದುಹೋಗುತ್ತಿದ್ದರು. ಈಗ ಬಂಡಿಗಳು ಓಡುವ ಆ ಹಳಿಗಳ ಮೇಲೆ ನಡೆಯುವುದು ಅಪರಾಧ, ಪ್ರಾಣಕ್ಕೂ ಅಪಾಯ. ಹಳೆಯ ಕಥೆಗಳನ್ನು ನಂಬಿ ಅಲ್ಲಿಗೆ ಹೋಗಕೂಡದು.

ಈ ಮಾರ್ಗ ಎಷ್ಟು ಸುಂದರವೋ ಅಷ್ಟೇ ಮೃದುವಾದುದು. ೨೦೨೪ರ ಜುಲೈ ತಿಂಗಳ ಕೊನೆಯಲ್ಲಿ ಎಡಕುಮಾರಿ ಮತ್ತು ಕಡಗರವಳ್ಳಿಗಳ ನಡುವೆ ಗುಡ್ಡ ಕುಸಿದು ಬಂಡಿಗಳು ನಿಂತುಹೋದವು. ೨೦೨೫ರಲ್ಲಿ ವಿದ್ಯುತ್ ತಂತಿಗಳನ್ನು ಹಾಯಿಸುವ ಕೆಲಸಕ್ಕಾಗಿ ಹಗಲಿನ ಪ್ರಯಾಣಿಕರ ಬಂಡಿಗಳನ್ನು ಕೆಲವು ತಿಂಗಳು ನಿಲ್ಲಿಸಿದರು. ಕಳೆದ ವರ್ಷ ಹೋಗಿ ಬಂದವರು ಹೇಳಿದ ವೇಳೆಯನ್ನೇ ನಂಬದೆ, ಹೊರಡುವ ವಾರದಲ್ಲಿಯೇ ಮತ್ತೊಮ್ಮೆ ವಿಚಾರಿಸಬೇಕೆಂಬುದಕ್ಕೆ ಇವೇ ನಿದರ್ಶನಗಳು. ರೈಲು ತಪ್ಪಿದರೆ ಯಾವ ಬಸ್ಸು ಎಂಬುದೂ ಬರೆದ ಚೀಟಿಯಲ್ಲಿ ಸಿದ್ಧವಾಗಿರಲಿ.

ಹೊರೆಯ ವಿಷಯದಲ್ಲಿ ಒಂದು ಕಟ್ಟುನಿಟ್ಟು ಅವಶ್ಯಕ. ಬೆಟ್ಟವನ್ನು ದಾಟುವವನಿಗೆ ಸಾಮಾನನ್ನು ಇಟ್ಟುಹೋಗುವ ಸ್ಥಳವಿಲ್ಲ. ಮನೆಯಿಂದ ತಂದುದೆಲ್ಲ ಅವನ ಜೊತೆಗೆ ಶಿಖರವನ್ನು ಏರಬೇಕು. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳಲಾಗದ ಚೀಲ ಬೆಟ್ಟಕ್ಕೂ ತಕ್ಕದ್ದಲ್ಲವೆಂದು ತಿಳಿಯಬೇಕು. ತಲೆಗೆ ಮೂರು ಲೀಟರು ನೀರು, ಮಧ್ಯಾಹ್ನದ ಬುತ್ತಿ, ಬೆಲ್ಲ, ನಿಂಬೆಹಣ್ಣು, ಉಪ್ಪು. ಒಂದು ಜೊತೆ ಒಣಬಟ್ಟೆ, ಟಾರ್ಚು, ಗಾಯಕ್ಕೆ ಪಟ್ಟಿ, ಹಿಡಿತವುಳ್ಳ ಬೂಟು. ನೀರೇ ಮೂರು ಕಿಲೋ ಆಗುವುದರಿಂದ ಉಳಿದುದೆಲ್ಲ ಅಷ್ಟೇ ತೂಕದೊಳಗೆ ನಿಲ್ಲಬೇಕು. ಉಪ್ಪು ಉಂಬಳಗಳನ್ನು ಬಿಡಿಸುವುದಕ್ಕೂ, ಬೆವರಿನಲ್ಲಿ ಕಳೆದುದನ್ನು ತುಂಬುವುದಕ್ಕೂ ಉಪಯುಕ್ತ. ಒಯ್ದ ಪ್ಲಾಸ್ಟಿಕ್ಕು ಎಲ್ಲವೂ ಮರಳಿ ಬರಬೇಕೆಂದು ಹೇಳುವುದು ಅವಶ್ಯವಿಲ್ಲವೆಂದು ನಂಬುತ್ತೇವೆ.

ಇನ್ನೊಂದು ನಿಯಮವನ್ನು ಮನೆಯಲ್ಲಿರುವಾಗಲೇ ಗೊತ್ತುಮಾಡಿಕೊಳ್ಳಬೇಕು. ಬೆಟ್ಟದ ಮೇಲೆ ಅದನ್ನು ಚರ್ಚಿಸಬಾರದು. ಅದು ಹಿಂದಿರುಗುವ ಗಂಟೆ. ಬೀದಳ್ಳಿಯಿಂದ ಆರೂವರೆಗೆ ಹೊರಟವರು ಹನ್ನೊಂದು ಗಂಟೆಯೊಳಗೆ ಶಿಖರವನ್ನು ಮುಟ್ಟದೆ ಹೋದರೆ ಆ ದಿನ ಕುಕ್ಕೆಗೆ ಇಳಿಯುವ ಯೋಜನೆಯನ್ನು ಕೈಬಿಡಬೇಕು. ಬಂದ ದಾರಿಯಲ್ಲಿಯೇ ಇಳಿದು, ಜೀಪಿನವನಿಗೆ ಕರೆಮಾಡಬೇಕು. ಒಂದು ಗಂಟೆಯಾದರೂ ಶಿಖರ ಕಾಣದಿದ್ದರೆ, ಅದು ನೂರು ಗಜದಲ್ಲಿದ್ದರೂ ಸರಿಯೆ, ಅಲ್ಲಿಂದಲೇ ನಮಸ್ಕರಿಸಿ ಮರಳಬೇಕು. ಆಯಾಸವಾದ ಮನಸ್ಸು ಲೆಕ್ಕವನ್ನು ಸರಿಯಾಗಿ ಮಾಡಲಾರದು. ಇಷ್ಟು ದೂರ ಬಂದಿದ್ದೇವೆ, ಇನ್ನೇನು ಅರ್ಧ ಗಂಟೆ ಎಂದು ಅದು ವಾದಿಸುತ್ತದೆ. ಆ ಅರ್ಧ ಗಂಟೆಯ ಬೆಲೆಯನ್ನು ಗುಂಪಿನಲ್ಲಿ ಎಲ್ಲರಿಗಿಂತ ಬಡಕಲಾದವನು ಸಂಜೆ ತೆರಬೇಕಾಗುತ್ತದೆ. ಕಾಲು ಮುರಿದವನನ್ನು ಇಳಿಸುವುದಕ್ಕೆ ಅಲ್ಲಿ ವಾಹನ ಹೋಗಲಾರದು. ಅರಣ್ಯ ಕಾವಲುಗಾರರೂ ಹಳ್ಳಿಯವರೂ ಹೆಗಲು ಕೊಟ್ಟು ಕತ್ತಲೆಯಲ್ಲಿ ಹೊತ್ತು ತರಬೇಕು. ನಮ್ಮ ಛಲಕ್ಕಾಗಿ ಅವರ ಹೆಗಲನ್ನು ಬಳಸುವ ಹಕ್ಕು ನಮಗಿಲ್ಲ. ತಾಳಿದವನು ಬಾಳಿಯಾನು, ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆಯುವುದಾದರೆ ಹೀಗಾಗುತ್ತದೆ. ಒಂದು ತಿಂಗಳು ಮುಂಚೆ ಪಂಚಾಂಗವನ್ನು ನೋಡಿ ದಿನವನ್ನು ಆರಿಸುವುದು. ನೋಂದಣಿ ತೆರೆದೊಡನೆ ಅನುಮತಿಯನ್ನು ಪಡೆದು, ಅಂದೇ ಮರಳುವ ರೈಲಿನ ಸ್ಥಳವನ್ನು ಕಾದಿರಿಸುವುದು. ಹೊರಡುವ ವಾರದಲ್ಲಿ ರೈಲು, ಬಸ್ಸು, ಹವೆ ಮೂರನ್ನೂ ಮತ್ತೆ ವಿಚಾರಿಸುವುದು. ಮೊದಲ ದಿನ ಸೋಮವಾರಪೇಟೆ. ಎರಡನೆಯ ದಿನ ಸೂರ್ಯೋದಯಕ್ಕೆ ಬೀದಳ್ಳಿಯ ದ್ವಾರ, ಹನ್ನೊಂದಕ್ಕೆ ಶಿಖರ, ಐದಕ್ಕೆ ಕುಕ್ಕೆ, ಕುಮಾರಧಾರೆಯಲ್ಲಿ ಸ್ನಾನ, ಊಟ, ರಾತ್ರಿಯ ಬಂಡಿ. ಮೂರನೆಯ ದಿನ ಬೆಳಿಗ್ಗೆ ಮನೆ. ಇದರ ಒಂದು ಪ್ರತಿಯನ್ನು ಮನೆಯಲ್ಲಿ ಉಳಿದವರ ಕೈಗೆ ಕೊಟ್ಟು ಹೊರಡುವುದು. ಬಾರದಿದ್ದರೆ ಎಲ್ಲಿ ವಿಚಾರಿಸಬೇಕೆಂಬುದು ಅವರಿಗೆ ತಿಳಿದಿರಬೇಕು.

ಬಸ್ಸಿನಲ್ಲಿ ಹೋಗುವುದರಿಂದ ಹಣ ಉಳಿಯುತ್ತದೆಂಬುದು ಎಲ್ಲರೂ ಬಲ್ಲ ಮಾತು. ಬೆಟ್ಟದ ಬುಡದ ಇಕ್ಕಟ್ಟಾದ ದಾರಿಯಲ್ಲಿ ಮೋಟಾರುಗಳ ಸಾಲೊಂದು ಕಡಿಮೆಯಾದರೆ ಆ ಹಳ್ಳಿಯವರಿಗೂ ಕಾಡಿಗೂ ಉಪಕಾರವಾಗುತ್ತದೆಂಬುದನ್ನು ಅಷ್ಟಾಗಿ ಯೋಚಿಸುವವರಿಲ್ಲ. ಸಂತೆಗೆ ಹೋಗುವವರ, ಶಾಲೆಯ ಮಕ್ಕಳ, ಕಾಫಿತೋಟದ ಕೂಲಿಯವರ ನಡುವೆ ಕುಳಿತು ಹೋಗುವಾಗ ಆ ಬೆಟ್ಟದ ತಪ್ಪಲಿನಲ್ಲಿ ಬಾಳುವವರ ಮುಖಗಳೂ ನಮಗೆ ಪರಿಚಯವಾಗುತ್ತವೆ. ನಿಲ್ದಾಣದಲ್ಲಿ ಸಿಕ್ಕುವ ಕರಪತ್ರದಲ್ಲಿಲ್ಲದ ಸುದ್ದಿ, ಮೇಲೆ ನೀರಿದೆಯೇ, ಆನೆ ಇಳಿದಿದೆಯೇ ಎಂಬ ಸುದ್ದಿ, ದೊರೆಯುವುದು ಅವರಿಂದಲೇ. ಗಡಿಯಾರಕ್ಕೆ ತಲೆಬಾಗಿ ಹೊರಟವನಿಗೆ ಬೆಟ್ಟದ ಎರಡು ಮಗ್ಗುಲುಗಳೂ ತೆರೆದುಕೊಳ್ಳುತ್ತವೆ. ಶ್ರೋತೃಗಳಲ್ಲಿ ಕೆಲವರಾದರೂ ಮುಂದಿನ ಚಳಿಗಾಲದಲ್ಲಿ ಈ ಲೆಕ್ಕವನ್ನು ಕೈಯಲ್ಲಿ ಹಿಡಿದು ಹೊರಡುವರೆಂದು ಆಶಿಸಿ, ಈ ಭಾಷಣವನ್ನು ಮುಗಿಸುತ್ತೇವೆ.